ಮೂರು ಊರು, ಇಬ್ಬರು ಮಕ್ಕಳು, ಒಂದಷ್ಟು ಹೋಟೆಲ್ ಪಾಯಿಂಟ್ಸ್: ಹೇಗೆ ಹೊಂದಿಸುವುದು?

ಹೊಸ ಸದಸ್ಯೆ
ಎಲ್ಲರಿಗೂ ನಮಸ್ಕಾರ. ನಾವು ಲಂಡನ್ ಹತ್ತಿರ ಇದ್ದೇವೆ. ಈಸ್ಟರ್ ರಜೆಯಲ್ಲಿ ರೋಮ್, ಬಾರ್ಸಿಲೋನಾ, ಪ್ಯಾರಿಸ್ ಮೂರೂ ನೋಡಿಕೊಂಡು ಬರುವ ಆಸೆ. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ಮೂರು. ನಮ್ಮ ಮನೆಯವರು ಆಫೀಸ್ ಕೆಲಸಕ್ಕೆ ಓಡಾಡಿ ಓಡಾಡಿ ಹಿಲ್ಟನ್ ಹೋಟೆಲ್‌ನವರ ಪಾಯಿಂಟ್ಸ್ (ರೂಮ್ ಬಾಡಿಗೆಗೆ ದುಡ್ಡಿನ ಬದಲು ಕೊಡುವಂಥದ್ದು) ಕೂಡಿಸಿದ್ದಾರೆ, ಮೆಂಬರ್‌ಶಿಪ್‌ನಲ್ಲಿ ಗೋಲ್ಡ್ ಸ್ಟೇಟಸ್, ಅಂದರೆ ಮೇಲಿನ ದರ್ಜೆ, ಇದೆ. ಫ್ಲೈಟ್ ಎಲ್ಲಾ ಬಜೆಟ್ ಏರ್‌ಲೈನ್. ಟಿಕೆಟ್ ದರ ನೋಡಿದರೆ ಬಿಟ್ಟಿ ಅನ್ನಿಸುತ್ತದೆ. ಬ್ಯಾಗು, ಸೀಟು ಸೇರಿಸುತ್ತಾ ಹೋದರೆ ಎದೆ ಧಸಕ್ ಅನ್ನುತ್ತದೆ. ಪಾಯಿಂಟ್ಸ್ ಮೂರೂ ಊರಿಗೆ ಹಂಚಬೇಕಾ, ಒಂದೇ ಕಡೆ ಖರ್ಚು ಮಾಡಬೇಕಾ? ನಮ್ಮೆಲ್ಲರದೂ ಇನ್ನೂ ಇಂಡಿಯನ್ ಪಾಸ್‌ಪೋರ್ಟ್. ಏನೂ ಬುಕ್ ಮಾಡಿಲ್ಲ, ಆಗಲೇ ನಿದ್ದೆ ಕೆಟ್ಟಿದೆ.

ಪಾಯಿಂಟ್ಸ್ ಹುಚ್ಚ
ಹಂಚಬೇಡಿ ಮೇಡಂ. ಹಿಲ್ಟನ್‌ನಲ್ಲಿ ಸಿಲ್ವರ್ ಅಥವಾ ಅದಕ್ಕಿಂತ ಮೇಲಿನ ಸ್ಟೇಟಸ್ ಇದ್ದು, ಪೂರ್ತಿ ಪಾಯಿಂಟ್ಸ್‌ನಲ್ಲಿ ಒಂದೇ ಹೋಟೆಲ್‌ನಲ್ಲಿ ಸತತ ಐದು ರಾತ್ರಿ ಸ್ಟ್ಯಾಂಡರ್ಡ್ ರೂಮ್ ಹಿಡಿದರೆ ಐದನೆಯದು ಫ್ರೀ. ಎರಡೆರಡು ರಾತ್ರಿ ಅಂತ ಚೂರು ಮಾಡಿದಿರೋ, ಅದು ಕೈತಪ್ಪಿತು. ಮ್ಯಾರಿಯಟ್ ಹೋಟೆಲ್‌ಗಳಲ್ಲೂ ಐದು ರಾತ್ರಿಗೆ ನಾಲ್ಕರ ಪಾಯಿಂಟ್ಸ್ ಸಾಕು, ಅಲ್ಲಿ ಸ್ಟೇಟಸ್ಸೂ ಬೇಡ. ರೂಮ್ ಬಾಡಿಗೆ ಎಲ್ಲಿ ದುಬಾರಿಯೋ ಅಲ್ಲಿ ಐದು ರಾತ್ರಿ ಪಾಯಿಂಟ್ಸ್‌ನಲ್ಲಿ ಕಳೆಯಿರಿ, ಇನ್ನೊಂದು ಕಡೆ ದುಡ್ಡು ಕೊಡಿ. ನಾನಾಗಿದ್ದರೆ ಒಂದು ಊರನ್ನು ಕೈಬಿಡುತ್ತಿದ್ದೆ.

ಇನ್ನೊಂದು ಮಾತು. ಹುಡುಕುವಾಗ ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು ಅಂತಲೇ ಹಾಕಿ. ಯುರೋಪಿನ ಎಷ್ಟೋ ರೂಮುಗಳಲ್ಲಿ ಮೂರು ಜನಕ್ಕಿಂತ ಜಾಸ್ತಿ ಬಿಡುವುದಿಲ್ಲ. ಇಬ್ಬರಿಗೆ ಅಂತ ಬುಕ್ ಮಾಡಿ ನಾಲ್ವರು ಹೋಗಿ ನಿಂತರೆ ರಿಸೆಪ್ಷನ್‌ನಲ್ಲಿ ಎರಡನೇ ರೂಮ್ ತಗೊಳ್ಳಿ ಅನ್ನುತ್ತಾರೆ. ಆಗ ಪಾಯಿಂಟ್ಸ್ ಉಳಿಸಿದ್ದೆಲ್ಲ ನೀರುಪಾಲು. ಬುಕಿಂಗ್ ಹೋಟೆಲ್‌ನವರ ಸ್ವಂತ ಆ್ಯಪ್‌ನಲ್ಲೇ ಮಾಡಿ. ಬೇರೆ ಸೈಟ್‌ನಿಂದ ಹೋದರೆ ಸಾಮಾನ್ಯವಾಗಿ ಪಾಯಿಂಟ್ಸ್ ಬರುವುದಿಲ್ಲ, ಗೋಲ್ಡ್ ಅನ್ನೂ ಕೇಳುವವರಿಲ್ಲ.

ಎರಡು ಜಡೆ ಅಮ್ಮ
ಗೋಲ್ಡ್‌ಗೆ ಬ್ರೇಕ್‌ಫಾಸ್ಟ್ ಫ್ರೀ ಇದೆಯಲ್ಲ, ಮಕ್ಕಳಿದ್ದವರಿಗೆ ಅದೇ ದೊಡ್ಡ ಉಳಿತಾಯ.

ಪಾಯಿಂಟ್ಸ್ ಹುಚ್ಚ
ಅದು ಮೆಂಬರ್ ಮತ್ತು ಜೊತೆಗೆ ಒಬ್ಬರಿಗೆ ಮಾತ್ರ. ಮಕ್ಕಳಿಗೆ ದುಡ್ಡು ಕೇಳುತ್ತಾರಾ ಅಂತ ಹೋಟೆಲ್‌ಗೇ ಮೊದಲು ಬರೆದು ಕೇಳಿ.

ಹಿರಿಯ ಸದಸ್ಯ
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ. ಮೂರು ವರ್ಷದ ಮಗುವಿಗೆ ಕೊಲೋಸಿಯಂ ಯಾಕೆ? ಅವನಿಗೆ ಅಲ್ಲಿ ಕಾಣುವುದು ಪಾರಿವಾಳ ಮಾತ್ರ. ಈ ಪಾಯಿಂಟ್ಸ್ ಅನ್ನುವುದೇ ಒಂದು ಗಾಳ. ಫ್ರೀ ಅಂತ ಹೇಳಿ ನೀವು ಹೋಗದ ಜಾಗಕ್ಕೆ ನಿಮ್ಮನ್ನು ಕಳಿಸುತ್ತಾರೆ. ಅದೇ ರಜೆಯಲ್ಲಿ ಊರಿಗೆ ಹೋಗಿ. ಅಜ್ಜಿ ತಾತ ಇನ್ನೆಷ್ಟು ವರ್ಷ ಇರುತ್ತಾರೆ? ಐಫೆಲ್ ಟವರ್ 1889ರಿಂದ ನಿಂತಿದೆ, ಇನ್ನೂ ಇರುತ್ತದೆ.

ಎರಡು ಜಡೆ ಅಮ್ಮ
ಸರ್, ಅವರು ಕೇಳಿದ್ದು ಹೋಟೆಲ್ ಬಗ್ಗೆ.

ತೆಪ್ಪಗಿರುವವನು
ಹಿರಿಯರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಮಕ್ಕಳಿಗೆ ಈಗ ಅಜ್ಜಿ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಲೂ ವಿಷಯ ಸಿಗುವುದಿಲ್ಲ. ಹಲೋ ಅಂತಾರೆ, ಫೋನ್ ನನ್ನ ಕೈಗೆ ಕೊಡುತ್ತಾರೆ.

ಮೆಟ್ರೋ ಅಪ್ಪ
ಒಪ್ಪುವುದಿಲ್ಲ. ನಮ್ಮ ಮಗಳು ಐದನೇ ವಯಸ್ಸಿಗೇ ಮೆಟ್ರೋ ಮ್ಯಾಪ್ ನೋಡಿ ದಾರಿ ಹೇಳುತ್ತಿದ್ದಳು. ಎಲ್ಲಾ ತಿರುಗಾಟದ ಫಲ. ಈಗ ಆರ್ಕಿಟೆಕ್ಚರ್ ಓದುತ್ತಿದ್ದಾಳೆ.

ಹಿರಿಯ ಸದಸ್ಯ
ಮ್ಯಾಪ್ ಓದಲು ಪ್ಯಾರಿಸ್‌ಗೆ ಹೋಗಬೇಕಾ?

ಬಾಕಿ ರಜೆ
ನಾನು ಬೇರೆ ಕಥೆ ಹೇಳುತ್ತೇನೆ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಪಾಯಿಂಟ್ಸ್ ಕೂಡಿಡುತ್ತಲೇ ಹೋದೆವು. ದೊಡ್ಡವನು ಈಗ "ನೀವಿಬ್ಬರೂ ಹೋಗಿ ಬನ್ನಿ ಅಪ್ಪ" ಅನ್ನುತ್ತಾನೆ. ಊರಿಗೂ ಬರುವುದಿಲ್ಲ, ರೋಮ್‌ಗೂ ಬರುವುದಿಲ್ಲ. ಸುಮ್ನೆ ಹೋಗಿಬನ್ನಿ ಮೇಡಂ. ಅಂದಹಾಗೆ, ಹಿಲ್ಟನ್ ಖಾತೆಯಲ್ಲಿ 24 ತಿಂಗಳು ಏನೂ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟ್ಸ್ ಹೋಗಿಬಿಡುತ್ತವೆ.

ಬ್ಯಾಗ್ ಅಳೆಯುವವ
ಚರ್ಚೆ ಎಲ್ಲೆಲ್ಲಿಗೋ ಹೋಯಿತು. ಫ್ಲೈಟ್ ಬಗ್ಗೆ ಯಾರೂ ಹೇಳಿಲ್ಲ ಅಲ್ವಾ?

ರಯಾನ್‌ಏರ್‌ನಲ್ಲಿ ಫ್ರೀ ಬ್ಯಾಗ್ 40x30x20 ಸೆಂ.ಮೀ., ಈಸಿಜೆಟ್‌ನಲ್ಲಿ 45x36x20. ಚಕ್ರ, ಹಿಡಿಕೆ ಎಲ್ಲಾ ಸೇರಿ ಈ ಅಳತೆ. ಮನೆಯಲ್ಲೇ ಟೇಪ್ ಹಿಡಿದು ನೋಡಿ. ಮೂರು ವರ್ಷದವನಿಗೂ ಅವನದೇ ಸೀಟು, ಅವನದೇ ಫ್ರೀ ಬ್ಯಾಗ್. ಹಾಗಾಗಿ ನಾಲ್ಕು ಬ್ಯಾಗ್ ಬಿಟ್ಟಿ, ಜೊತೆಗೆ ಒಂದೇ ಒಂದು ದೊಡ್ಡ ಸೂಟ್‌ಕೇಸ್‌ಗೆ ದುಡ್ಡು ಕೊಟ್ಟರೆ ನಡೆಯುತ್ತದೆ. ಮಡಚುವ ತಳ್ಳುಗಾಡಿಗೆ ಎರಡರಲ್ಲೂ ಚಾರ್ಜ್ ಇಲ್ಲ. ರಯಾನ್‌ಏರ್‌ನಲ್ಲಿ ಮಕ್ಕಳ ಜೊತೆ ಹೋಗುವ ಒಬ್ಬರು ದೊಡ್ಡವರು ಸೀಟಿಗೆ ದುಡ್ಡು ಕೊಡಲೇಬೇಕು, ಮಕ್ಕಳಿಗೆ ಪಕ್ಕದ ಸೀಟು ಫ್ರೀ. ಗಾಬರಿಯಲ್ಲಿ ನಾಲ್ವರಿಗೂ ಸೀಟ್ ಕೊಳ್ಳಬೇಡಿ.

ಏರ್‌ಪೋರ್ಟ್ ಎಲ್ಲಿದೆ ನೋಡಿ. ಪ್ಯಾರಿಸ್ ಬೋವೆ ಅಂತ ಅಗ್ಗದ ಟಿಕೆಟ್ ತೋರಿಸುತ್ತದೆ, ಅದು ಊರಿಂದ ಸುಮಾರು 85 ಕಿ.ಮೀ. ದೂರ. ನಾಲ್ಕು ಜನರ ಬಸ್ ಚಾರ್ಜ್ ಸೇರಿಸಿ ಲೆಕ್ಕ ಹಾಕಿ. ಬಾರ್ಸಿಲೋನಾದಿಂದ ಪ್ಯಾರಿಸ್‌ಗೆ ನೇರ ರೈಲಿದೆ, ಏಳು ಗಂಟೆಗೆ ಸ್ವಲ್ಪ ಕಮ್ಮಿ, ಊರ ಮಧ್ಯದಿಂದ ಊರ ಮಧ್ಯಕ್ಕೆ. ಪ್ಯಾರಿಸ್‌ನಿಂದ ಲಂಡನ್‌ಗೆ ವಾಪಸ್ ಯೂರೋಸ್ಟಾರ್ ರೈಲು. ಮಕ್ಕಳು ಎದ್ದು ಓಡಾಡಬಹುದು.

ಬೇರೆ ಬೇರೆ ಟಿಕೆಟ್ ಕೊಂಡು ಒಂದೇ ದಿನ ಎರಡು ಫ್ಲೈಟ್ ಇಟ್ಟುಕೊಳ್ಳಬೇಡಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅದು ನಿಮ್ಮ ತಲೆನೋವು. ಯುರೋಪಿಯನ್ ಯೂನಿಯನ್ ನಿಯಮದಲ್ಲಿ ಮೂರು ಗಂಟೆ ತಡವಾದರೆ 1500 ಕಿ.ಮೀ. ಒಳಗಿನ ಹಾರಾಟಕ್ಕೆ ತಲೆಗೆ 250 ಯೂರೋ ಪರಿಹಾರ ಇದೆ, ಆದರೆ ಬಿರುಗಾಳಿ ತರಹದ ಕಾರಣಕ್ಕೆ ಸಿಗುವುದಿಲ್ಲ.

ಪಾಯಿಂಟ್ಸ್ ಹುಚ್ಚ
ವೀಸಾ ಮರೆತೆವು! ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಅರ್ಜಿ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೆ ಹಾಕಬೇಕು. ಅಂದರೆ ಆ ಐದು ರಾತ್ರಿ ಎಲ್ಲಿ ಅನ್ನುವುದರ ಮೇಲೇ ಅರ್ಜಿಯೂ ನಿಂತಿದೆ. ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ. ಕೊನೇ ತಾರೀಕು ಆ ಬುಕಿಂಗ್‌ನಲ್ಲೇ ಬರೆದಿರುತ್ತದೆ.

ಹೊಸ ಸದಸ್ಯೆ
ತುಂಬಾ ಥ್ಯಾಂಕ್ಸ್. ಮನೆಯವರ ಹತ್ತಿರ ಮಾತಾಡಿದೆ. ರೋಮ್ ಬಿಟ್ಟೆವು. ಬಾರ್ಸಿಲೋನಾ ಮೂರು ರಾತ್ರಿ, ಪ್ಯಾರಿಸ್ ಐದು. ಈಗ ಫ್ರಾನ್ಸ್ ವೀಸಾ ಅಪಾಯಿಂಟ್‌ಮೆಂಟ್ ಹುಡುಕುತ್ತಿದ್ದೇನೆ. ಇತ್ತೀಚೆಗೆ ಯಾರಿಗಾದರೂ ಬೇಗ ಸಿಕ್ಕಿದೆಯಾ?

ಹಿರಿಯ ಸದಸ್ಯ
ಊರಿಗೆ ವೀಸಾ ಬೇಡಮ್ಮ.