ಮಂಡಿ ಕೆಳಗೆ ಕಾಲು ಹೋಗಿದೆ, ಕೃತಕ ಕಾಲು ಹಾಕಿಸ್ಲೇಬೇಕಾ? ತೋಟ ಇರೋರು ಹೇಳಿ

ತೋಟದಮನೆ:
ಎಲ್ರಿಗೂ ನಮಸ್ಕಾರ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮನೆ, ವಯಸ್ಸು 44. ಬೈಕ್ ಆಕ್ಸಿಡೆಂಟಲ್ಲಿ ಎಡಗಾಲು ಮಂಡಿ ಕೆಳಗೆ ತೆಗೆದ್ರು, ಐದು ತಿಂಗಳಾಯ್ತು, ಗಾಯ ಪೂರ್ತಿ ಮಾಗಿದೆ. ಮನೇಲಿ ದಿನಾ ಒಂದೇ ಮಾತು, ಯಾವಾಗ ಕಾಲು ಹಾಕಿಸ್ತೆ ಅಂತ, ಅಪ್ಪಯ್ಯ ದುಡ್ಡೂ ತೆಗೆದಿಟ್ಟಿದಾರೆ. ಆದ್ರೆ ನಂಗೆ ಕ್ರಚಸ್ ಹೊಂದಿಬಿಟ್ಟಿದೆ, ಜಗಲಿಯಿಂದ ಕೊಟ್ಟಿಗೆ ತನಕ ಯಾರ ಸಹಾಯಾನೂ ಬೇಡ. ನಮ್ದು ಇಳಿಜಾರು ತೋಟ, ಮಳೆಗಾಲದಲ್ಲಿ ಕಲ್ಲುಮೆಟ್ಟಿಲೆಲ್ಲ ಪಾಚಿ, ನಡುವೆ ಒಂದು ಸಂಕ ಬೇರೆ ದಾಟ್ಬೇಕು, ನೆಲ ಮುಟ್ಟಿದ್ದೇ ಗೊತ್ತಾಗದ ಕಾಲಿಟ್ಕೊಂಡು ಅಲ್ಲೆಲ್ಲ ಹೋಗೋಕಾಗ್ತದಾ? ಹಾಕಿಸ್ಕೊಂಡು ಮೂಲೆಗಿಟ್ಟವ್ರೂ ದಯವಿಟ್ಟು ಬರೀರಿ. ಇನ್ನೊಂದು, ರಾತ್ರಿ ಇಲ್ಲದ ಪಾದ ತುರಿಸ್ತದೆ, ನಿದ್ದೆ ಇಲ್ಲ.

ಬೈತಖೋಲ್ ದೋಣಿ:
ಅಣ್ಣಾ, ನಾನು ಕಾರವಾರ, ಬಂದರಲ್ಲಿ ಕೆಲ್ಸ. ನಂದೂ ಮಂಡಿ ಕೆಳಗೇ, 9 ವರ್ಷ ಆಯ್ತು. ಕೊಟ್ಟಿಗೆ ತನಕ ನೀವೇ ಹೋಗ್ತೀರಿ ಸರಿ, ಬರೋವಾಗ ಹಾಲಿನ ಪಾತ್ರೆ ಯಾರು ತರ್ತಾರೆ? ನಾನೂ ಮೊದಲ ವರ್ಷ ಕ್ರಚಸ್ ಸಾಕು ಅಂತಿದ್ದೆ. ಒಂದಿನ ಮಗಳು, ಆಗ ಎರಡು ವರ್ಷದೋಳು, ಎತ್ಕೋ ಅಂತ ಕೈ ಚಾಚಿದ್ಲು, ನನ್ನ ಎರಡೂ ಕೈ ಕೋಲಲ್ಲೇ ಇತ್ತು. ಮರುವಾರ ಹೋಗಿ ಅಳತೆ ಕೊಟ್ಟೆ. ನಂಗೆ ಬೇಕಾಗಿದ್ದು ಕಾಲಲ್ಲ, ಕೈ.

ಸುಲಭ ಅಂತ ಮಾತ್ರ ಹೇಳಲ್ಲ. ಉಳಿದ ಕಾಲಿನ ಬಾವು ಇಳಿದು ಸಣ್ಣ ಆಗ್ತಾ ಹೋಗ್ತದೆ, ಮೊದಲ ಸಾಕೆಟ್, ಅಂದ್ರೆ ಉಳಿದ ಕಾಲು ಒಳಗೆ ಕೂರೋ ಬಟ್ಟಲು, ಸಡಿಲ ಆಗ್ತದೆ, ಉಳಿದ ಕಾಲಿಗೆ ಸಾಕ್ಸ್ ಒಂದರ ಮೇಲೊಂದು ಹಾಕಿ ನೋಡ್ತೀವಿ ಆಮೇಲೆ ಹೊಸ ಸಾಕೆಟ್ಟೇ ಬೇಕು, ಹಾಗಾಗಿ ಒಂದ್ಸಲ ಖರ್ಚು ಮಾಡಿದ್ರೆ ಮುಗೀತು ಅಂತ ಅಪ್ಪಯ್ಯಂಗೆ ಹೇಳ್ಬೇಡಿ. ಬೆವರಿಗೆ ಚರ್ಮ ಕೆಡ್ತದೆ, ನಾನು ಮಧ್ಯಾಹ್ನ ಬಿಚ್ಚಿ ಒರೆಸ್ತೀನಿ, ಕಾಲು ತೊಳೆಯೋದು ರಾತ್ರಿ, ಬೆಳಿಗ್ಗೆ ಒದ್ದೆ ಚರ್ಮದ ಮೇಲೆ ಹಾಕಿದ್ರೆ ಉಜ್ಜಿ ಗಾಯ ಆಗ್ತದೆ. ನೆಲ ಒದ್ದೆ ಇದ್ರೆ ಈಗ್ಲೂ ಒಂದು ಕೋಲು ಹಿಡೀತೀನಿ, ಅದ್ರಲ್ಲೇನೂ ನಾಚಿಕೆ ಇಲ್ಲ. ಸಂಕಕ್ಕೆ ಎರಡೂ ಬದಿ ಕೈಹಿಡಿಕೆ ಕಟ್ಸಿ, ಕಾಲು ಹಾಕಿಸಿದ್ರೂ ಹಾಕಿಸ್ದೇ ಇದ್ರೂ.

ಕುಮಟಾ ಮಗಳು:
ಮೂಲೆಗಿಟ್ಟವರ ಕಥೆ ಕೇಳಿದ್ರಿ, ಹೇಳ್ತೇನೆ. ನಮ್ಮ ಆಯಿಗೆ 71, ಶುಗರ್, ಕಾಲು ಮಂಡಿ ಮೇಲೆ ತೆಗೆದಿದ್ದು. ಬೇಡ ಅಂದ್ರೂ ನಾವು ಮಕ್ಕಳೇ ಹಟ ಹಿಡಿದು ಹಾಕಿಸಿದ್ವಿ. ನಾಲ್ಕು ಹೆಜ್ಜೆಗೆ ಏದುಸಿರು, ಒಬ್ರೇ ಹಾಕ್ಕೊಳೋಕೆ ಆಗ್ತಿರ್ಲಿಲ್ಲ, ಬೀಳ್ತೀನಿ ಅಂತ ಇಡೀ ದಿನ ಭಯ. ಮೂರು ತಿಂಗಳು ನಮಗೋಸ್ಕರ ಹಾಕ್ಕೊಂಡ್ರು ಪಾಪ. ಕೊನೆಗೆ ಗಾಲಿ ಕುರ್ಚಿ ತಂದು, ಬಚ್ಚಲ ಹೊಸಿಲು ಒಡೆಸಿ, ಅಂಗಳಕ್ಕೆ ಸಿಮೆಂಟ್ ಇಳಿಜಾರು ಮಾಡಿಸಿದ್ವಿ. ಈಗ ತುಳಸಿಗೆ ನೀರು ತಾವೇ ಹಾಕ್ತಾರೆ. ಮೊದ್ಲೇ ಅವ್ರ ಮಾತು ಕೇಳ್ಬೇಕಿತ್ತು. ನಿಮ್ಮದು ಬೇರೆ ಅಣ್ಣ, ವಯಸ್ಸಿದೆ ಮಂಡಿ ಇದೆ, ಆದ್ರೆ ಮನೆಯವ್ರ ಸಮಾಧಾನಕ್ಕೆ ಅಂತ ಮಾತ್ರ ಹಾಕಿಸ್ಬೇಡಿ.

ಅಂಕೋಲಾದವ:
ನಾನು ಹುಬ್ಬಳ್ಳಿಲಿ ಕೃತಕ ಕಾಲು ಕೂರಿಸೋ ಕೆಲ್ಸದಲ್ಲೇ ಇರೋದು. ಮೇಲೆ ಅಕ್ಕ ಹೇಳಿದ್ದು ಪೂರ್ತಿ ನಿಜ. ಮಂಡಿ ಕೆಳಗಾದ್ರೆ ಕೃತಕ ಕಾಲಲ್ಲಿ ನಡೆಯೋಕೆ ಸುಮಾರು ಕಾಲುಭಾಗ ಹೆಚ್ಚು ಶಕ್ತಿ ಬೇಕು, ಮಂಡಿ ಮೇಲಾದ್ರೆ ಅರ್ಧಕ್ಕಿಂತ ಜಾಸ್ತಿ, ಹೃದಯ ತಡ್ಕೋಬೇಕಲ್ಲ. ನಿಮ್ಮ ಹಾಗೆ ಮಂಡಿ ಇರೋರಿಗೆ ಕೃತಕ ಕಾಲಿಗಿಂತ ಕ್ರಚಸ್ಸೇ ಹೆಚ್ಚು ಸುಸ್ತು.

ತೋಟಕ್ಕೆ ಅಂದ್ರೆ ಪಾದ ಯಾವುದು ಅಂತ ಮೊದ್ಲು ಕೇಳಿ. ಕೆಲವು ಪಾದ ಶೂ ಹಿಮ್ಮಡಿ ಎತ್ತರಕ್ಕೆ ಹೊಂದಿಸಿರ್ತಾರೆ, ಮನೇಲಿ ಬರಿಗಾಲಲ್ಲಿ ನಿಂತ್ರೆ ಹಿಂದಕ್ಕೆ ಎಳೀತದೆ. ಜೈಪುರ ಕಾಲು 1968ರಲ್ಲಿ ಮಾಡಿದ್ದೇ ಬರಿಗಾಲಲ್ಲಿ ನಡೆಯೋ, ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರೋ, ಗದ್ದೆ ಕೆಸರಿಗೆ ಇಳಿಯೋ ನಮ್ಮ ಜನಕ್ಕೆ ಅಂತ. ಉಚಿತವಾಗಿ ಕೊಡೋ ಸಂಸ್ಥೆಗಳೂ ಉಂಟು, ಅಪ್ಪಯ್ಯನ ದುಡ್ಡು ಮುಟ್ಟೋಕೆ ಮೊದ್ಲು ವಿಚಾರಿಸಿ. ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ, ಆಗಿಲ್ದಿದ್ರೆ ಈಗ್ಲೇ ಅರ್ಜಿ ಹಾಕಿ.

ತೀರ್ಮಾನ ನಿಧಾನಕ್ಕೆ ಮಾಡಿ, ಆದ್ರೆ ಮಂಡಿ ಕಳ್ಕೋಬೇಡಿ ಮಾರಾಯ್ರೇ. ಮಲಗೋವಾಗ ಅದರ ಕೆಳಗೆ ದಿಂಬು ಇಡ್ಬೇಡಿ, ಮಡಿಸ್ಕೊಂಡೇ ಇದ್ರೆ ಮಂಡಿ ಹಾಗೇ ಬಿಗಿದು ಹೋಗ್ತದೆ, ಆಮೇಲೆ ಬೇಕು ಅಂದ್ರೂ ಕಾಲು ಕೂರಿಸೋದು ಕಷ್ಟ. ದಿನಾ ನೆಟ್ಟಗೆ ಚಾಚಿ. ಇಲ್ಲದ ಪಾದ ತುರಿಸೋದು, ನೋಯೋದು ತುಂಬಾ ಜನಕ್ಕೆ ಆಗ್ತದೆ, ಹುಚ್ಚಲ್ಲ, ಭ್ರಮೆನೂ ಅಲ್ಲ. ಡಾಕ್ಟರ್ ಹತ್ರ ಹೇಳಿ, ಔಷಧಿ ಇದೆ, ಕನ್ನಡಿ ಇಟ್ಟು ಮಾಡಿಸೋ ವ್ಯಾಯಾಮ ಇದೆ, ಕೃತಕ ಕಾಲು ಹಾಕಿದ ಮೇಲೆ ಕಡಿಮೆ ಆದವ್ರೂ ಇದಾರೆ.

ತೋಟದಮನೆ:
ಎಲ್ರಿಗೂ ಧನ್ಯವಾದ. ದಿಂಬು ಇಟ್ಕೊಂಡೇ ಮಲಗ್ತಿದ್ದೆ, ನಿನ್ನೆಯಿಂದ ತೆಗೆದೆ. ಹಾಲಿನ ಪಾತ್ರೆ ಹೆಂಡತಿನೇ ತರ್ತಾಳೆ, ಅದನ್ನ ನಾನು ಇಷ್ಟು ದಿನ ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಮುಂದಿನ ವಾರ ಹುಬ್ಬಳ್ಳಿಗೆ ಹೋಗಿ ಬರೀ ತೋರಿಸಿ ಬರ್ತೇನೆ, ತೋಟದ ಮೆಟ್ಟಿಲು ಸಂಕ ಎಲ್ಲದರ ಫೋಟೋ ಮೊಬೈಲಲ್ಲಿ ತಗೊಂಡು. ಬೈತಖೋಲ್ ಅಣ್ಣ, ಆ ಸಾಕ್ಸ್ ಮಳೇಲಿ ಹೆಂಗೆ ಒಣಗಿಸ್ತೀರಿ? ನಮ್ಮಲ್ಲಿ ಆಷಾಢದಲ್ಲಿ ಪಂಚೆನೇ ಮೂರು ದಿನ ಒಣಗಲ್ಲ.