ಪ್ರಶ್ನೋತ್ತರ: ಕರೆನ್ಸಿ ಇಳಿದರೆ ರಫ್ತುದಾರರಿಗೆ ಲಾಭವೇ?

ಸದಸ್ಯ 1: ಮೇಡಂ, ಕರೆನ್ಸಿ ಇಳಿದರೆ ರಫ್ತು ತಾನಾಗಿ ಏರುತ್ತದೆ ಅಲ್ವಾ?

ಸಂಶೋಧಕಿ: ಇಲ್ಲ. ಆಮದಿನ ಬಿಲ್ ತಕ್ಷಣ ಏರುತ್ತದೆ, ಹೊಸ ಆರ್ಡರ್ ಬರಲು ತಿಂಗಳುಗಳು ಬೇಕು. ವ್ಯಾಪಾರದ ಲೆಕ್ಕ ಮೊದಲು ಕೆಟ್ಟು ಆಮೇಲೆ ಸುಧಾರಿಸಬಹುದು. ಜೆ-ಕರ್ವ್ ಅನ್ನುವುದು ಇದನ್ನೇ.

ಸದಸ್ಯ 2: ನಾವು ಯಂತ್ರ ಜೋಡಿಸಿ ಯುರೋದಲ್ಲಿ ಮಾರುತ್ತೇವೆ. ಬಿಡಿಭಾಗಗಳ ಖರೀದಿ ಡಾಲರಿನಲ್ಲಿ, ಸಾಲವೂ ಡಾಲರಿನಲ್ಲೇ. ನಮ್ಮ ಕರೆನ್ಸಿ ಇಳಿಯುತ್ತಿದೆ, ಲಾಭವೇ ತಾನೇ ಅಂತ ಫಾರ್ವರ್ಡ್ ಕಾಂಟ್ರಾಕ್ಟ್ (ಮುಂದಿನ ದಿನದ ವಿನಿಮಯ ದರವನ್ನು ಬ್ಯಾಂಕಿನ ಜೊತೆ ಈಗಲೇ ನಿಗದಿ ಮಾಡಿಕೊಳ್ಳುವ ಒಪ್ಪಂದ) ಮಾಡಿಸಿಲ್ಲ.

ಸಂಶೋಧಕಿ: ಇದನ್ನು ಓದಿ ಗಾಬರಿಯಾಯಿತು. ನಿಮ್ಮ ಲಾಭ ನಿಂತಿರುವುದು ಮುಖ್ಯವಾಗಿ ಯುರೋ–ಡಾಲರ್ ದರದ ಮೇಲೆ. 2021ರ ಆರಂಭದಲ್ಲಿ 1 ಯುರೋಗೆ ಸುಮಾರು 1.20 ಡಾಲರ್ ಇತ್ತು. 2022ರ ಜುಲೈನಲ್ಲಿ ಎರಡೂ ಸಮಸಮ ಆದವು, 20 ವರ್ಷಗಳಲ್ಲಿ ಮೊದಲ ಸಲ. ನಿಮ್ಮ ಬಿಲ್ 100 ಯುರೋ, ಬಿಡಿಭಾಗಕ್ಕೆ 80 ಡಾಲರ್ ಅಂದುಕೊಳ್ಳಿ. ಮೊದಲು 40 ಡಾಲರ್ ಉಳಿಯುತ್ತಿತ್ತು, ಆಮೇಲೆ 20. ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ನಿಮ್ಮ ಕರೆನ್ಸಿ ಇಳಿದದ್ದರಿಂದ ಅಗ್ಗವಾಗುವುದು ಸಂಬಳ, ಬಾಡಿಗೆಯಂಥ ಒಳಗಿನ ಖರ್ಚು ಅಷ್ಟೇ. ಅಮೆರಿಕ ಕೊಳ್ಳದ, ಮಾರದ ಸರಕಿಗೂ ಡಾಲರಿನಲ್ಲೇ ಬಿಲ್ ಆಗುವುದು ಜಾಸ್ತಿ. ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಮತ್ತಿತರರ ಸಂಶೋಧನೆ ಒತ್ತಿ ಹೇಳುವುದು ಇದನ್ನೇ. ಯಾವ ತಿಂಗಳು ಯಾವ ಕರೆನ್ಸಿ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಬರೆದುಕೊಂಡು ಈ ವಾರವೇ ಬ್ಯಾಂಕಿಗೆ ಹೋಗಿ.

ಸದಸ್ಯ 3: ಗ್ರೂಪಿನಲ್ಲಿ ಹಂಚುತ್ತಿರುವ ಒಂದು ಮೆಸೇಜ್ ಬಂದಿದೆ: "ಎಲ್ಲ ಆಮದಿಗೂ ಭಾರಿ ಸುಂಕ ಹಾಕಿ, ರಫ್ತು ದುಪ್ಪಟ್ಟಾಗುತ್ತದೆ." ನಿಜವಾ?

ಸಂಶೋಧಕಿ: ಸುಮ್ನೆ ಇದನ್ನು ಹಂಚಬೇಡಿ. ಎಲ್ಲ ಆಮದಿನ ಮೇಲಿನ ಸುಂಕ ಕೊನೆಗೆ ರಫ್ತಿನ ಮೇಲಿನ ತೆರಿಗೆಯೇ ಆಗುತ್ತದೆ ಅಂತ ಅರ್ಥಶಾಸ್ತ್ರಜ್ಞ ಅಬ್ಬಾ ಲರ್ನರ್ 1936ರಲ್ಲೇ ತೋರಿಸಿದರು. ಆಮದು ಕುಗ್ಗಿದರೆ ಡಾಲರಿಗೆ ಬೇಡಿಕೆ ಕುಗ್ಗುತ್ತದೆ, ನಿಮ್ಮ ಕರೆನ್ಸಿ ಬಲವಾಗುತ್ತದೆ, ಹೊರಗಿನವರಿಗೆ ನಿಮ್ಮ ಸರಕು ತುಟ್ಟಿ.

ಸದಸ್ಯ 4: ಹಾಗಾದರೆ ದಕ್ಷಿಣ ಕೊರಿಯಾ? 1964ರಲ್ಲಿ ಡಾಲರಿಗೆ 130 ವಾನ್ ಇದ್ದದ್ದನ್ನು 255 ಮಾಡಿದರು. ರಫ್ತು ಚಿಮ್ಮಲಿಲ್ವಾ?

ಸದಸ್ಯ 5: ರಫ್ತುದಾರರಿಗೆ ಅಗ್ಗದ ಸಾಲ ಕೊಟ್ಟದ್ದು, ಗುರಿ ಹಾಕಿ ಅಧ್ಯಕ್ಷರೇ ತಿಂಗಳು ತಿಂಗಳು ಸಭೆ ನಡೆಸಿದ್ದು ಬಿಟ್ಟೇಬಿಟ್ಟಿರಲ್ಲ.

ಸದಸ್ಯ 4: ದರವೇ ಸರಿಯಿಲ್ಲದಿದ್ದರೆ ಸಭೆ ಕಟ್ಟಿಕೊಂಡು ಏನು ಮಾಡೋದು?

ಸದಸ್ಯ 5: ಬರೀ ದರ ಇಳಿಸಿ ಕೊರಿಯಾ ಆದ ಒಂದು ದೇಶ ತೋರಿಸಿ ನೋಡೋಣ.

ಸದಸ್ಯ 4: ನಿಮ್ಮ ಜೊತೆ ವಾದ ದಂಡ.

ಸದಸ್ಯ 6: ರಫ್ತು ಉತ್ತೇಜನ ಕಚೇರಿಗಳಿಂದ ಸಣ್ಣ ಕಂಪನಿಗಳಿಗೆ ಉಪಯೋಗ ಇದೆಯಾ?

ಸಂಶೋಧಕಿ: ಸದಸ್ಯ 4, 5ರಿಗೆ: ದರ ಇಳಿಸಿದ್ದು, ಸರ್ಕಾರ ನೆರವು ಕೊಟ್ಟದ್ದು ಎರಡೂ ಒಟ್ಟಿಗೇ ನಡೆದವು. ಯಾವುದರ ಪಾಲೆಷ್ಟು ಅಂತ ಅರ್ಥಶಾಸ್ತ್ರಜ್ಞರೇ ಇನ್ನೂ ಕಿತ್ತಾಡುತ್ತಿದ್ದಾರೆ. ನೀವು ಇಲ್ಲಿ ಕಿತ್ತಾಡಬೇಡಿ.

ಸದಸ್ಯ 7: ಕರೆನ್ಸಿ ಇಳಿದರೆ ರಫ್ತು ಜಾಸ್ತಿ ಆಗುತ್ತಾ ಮೇಡಂ?

ಸಂಶೋಧಕಿ: ಮೇಲೆ ಓದಿ.

ಸದಸ್ಯ 2: ಮೇಡಂ, ಸಾಲವನ್ನೇ ಯುರೋಗೆ ಬದಲಾಯಿಸಿಕೊಂಡರೆ?

ಸಂಶೋಧಕಿ: ಒಳ್ಳೆಯ ಯೋಚನೆ. ಬರುವ ಹಣ, ಕಟ್ಟುವ ಕಂತು ಒಂದೇ ಕರೆನ್ಸಿಗೆ ಬರುತ್ತವೆ. ಬಿಡಿಭಾಗದ ಡಾಲರ್ ಬಿಲ್ ಹಾಗೇ ಇರುತ್ತದೆ, ಅದಕ್ಕೆ ಫಾರ್ವರ್ಡ್ ಬೇಕೇ ಬೇಕು. ಹಳೆಯ ಸಾಲ ಅವಧಿಗೆ ಮೊದಲೇ ತೀರಿಸಲು ಶುಲ್ಕ ಎಷ್ಟು ಅಂತ ಮೊದಲು ಕೇಳಿ.