'ಬಂಧಿಸು' ಬೇಡ, 'ಹಿಡಿ' ಸಾಕಲ್ವಾ?

ಗೆಳೆಯರೇ,

ವಿದ್ಯಾರ್ಥಿಗಳಿಗೆಂದು ಒಂದು ಪಾಠ ಬರೆಯುತ್ತಿದ್ದೇನೆ. ಬ್ಯಾಕ್ಟೀರಿಯಾದ ನಿಯಂತ್ರಕ ಪ್ರೋಟೀನುಗಳು (ಜೀನ್‌ಗಳ ಕೆಲಸವನ್ನು ನಡೆಸುವ ಇಲ್ಲವೇ ತಡೆಯುವಂಥವು) ಡಿಎನ್‌ಎ ಮೇಲೆ ಹೋಗಿ ಕೂರುತ್ತವಲ್ಲ, ಇಂಗ್ಲಿಷಿನಲ್ಲಿ 'bind' ಅನ್ನುವ ಆ ಕೆಲಸಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಸರಿ?

'ಬಂಧಿಸು' ಅಂತ ಬರೆಯುವುದುಂಟು. ನನಗೆ ಅದು ಒಗ್ಗುತ್ತಿಲ್ಲ. ಓದಿದ ಕೂಡಲೇ ಪೊಲೀಸರೇ ಕಣ್ಣ ಮುಂದೆ ಬರುತ್ತಾರೆ. ವಿಭಕ್ತಿಯೂ ಕೂರುವುದಿಲ್ಲ. 'ಡಿಎನ್‌ಎಗೆ ಬಂಧಿಸುತ್ತದೆ' ಅನ್ನುತ್ತಾರೆ. 'ಕಳ್ಳನಿಗೆ ಬಂಧಿಸಿದರು' ಅಂತ ಯಾರಾದರೂ ಹೇಳುತ್ತಾರಾ?

'ಅಂಟು' ಅಂದರೆ ಸುಲಭಕ್ಕೆ ಬಿಡದು ಅನ್ನುವ ಭಾವ ಬರುತ್ತದೆ. ಇಲ್ಲಿ ಬಿಡುವುದೂ ಅಷ್ಟೇ ಮುಖ್ಯ. ಇ. ಕೋಲಿ ಬ್ಯಾಕ್ಟೀರಿಯಾದ ಲ್ಯಾಕ್ ರಿಪ್ರೆಸರ್ ಎಂಬ ನಿಯಂತ್ರಕ ಪ್ರೋಟೀನು ಡಿಎನ್‌ಎಯನ್ನು ಹಿಡಿದು ಕೂತಿರುವಷ್ಟು ಹೊತ್ತು ಹಾಲಿನ ಸಕ್ಕರೆ ಒಡೆಯುವ ಜೀನ್‌ಗಳಿಗೆ ತಡೆ. ಸಕ್ಕರೆ ಜೀವಕೋಶದೊಳಗೆ ಬಂದರೆ ಅದರಲ್ಲಿ ಸ್ವಲ್ಪ ಅಲೋಲ್ಯಾಕ್ಟೋಸ್ ಎಂಬ ಇನ್ನೊಂದು ಸಕ್ಕರೆ ಆಗುತ್ತದೆ. ಅದನ್ನು ಹಿಡಿದ ಪ್ರೋಟೀನಿನ ಆಕಾರ ತುಸು ಬದಲಾಗಿ, ಡಿಎನ್‌ಎ ಮೇಲಿನ ಹಿಡಿತ ಸಡಿಲವಾಗುತ್ತದೆ. ಎರಡೂ ಕಡೆ ಒಂದೇ 'ಹಿಡಿ' ಸಾಕಾಯಿತು ನೋಡಿ.

ನನಗೆ ಜಾಸ್ತಿ ಇಷ್ಟವಾಗಿದ್ದು ಇನ್ನೊಂದು ಕಾರಣಕ್ಕೆ. ನಾವು 'ಗುರುತು ಹಿಡಿ' ಅನ್ನುತ್ತೇವೆ. ಈ ಪ್ರೋಟೀನು ಮಾಡುವುದೂ ಅದನ್ನೇ. ಡಿಎನ್‌ಎ ಎಳೆಗಳನ್ನು ಬಿಚ್ಚಿ ಓದುವುದಿಲ್ಲ. ತನ್ನ ಒಂದು ಸುರುಳಿಯನ್ನು ಡಿಎನ್‌ಎಯ ದೊಡ್ಡ ತೋಡಿನೊಳಗೆ ಇಳಿಸಿ, ಅಲ್ಲಿ ಇಣುಕುವ ಅಕ್ಷರಗಳ (ಎ, ಟಿ, ಜಿ, ಸಿ ಎಂಬ ಘಟಕಗಳ) ಅಂಚನ್ನು ಮುಟ್ಟುತ್ತದೆ. ಸರಿಯಾದ ಜಾಗವಾದರೆ ಹೈಡ್ರೋಜನ್ ಬಂಧಗಳು (ಅಣುಗಳ ನಡುವಿನ ಸಣ್ಣ ಸೆಳೆತಗಳು) ಒಂದಕ್ಕೊಂದು ಹೊಂದಿಕೊಂಡು ಹಿಡಿತ ಬಿಗಿಯಾಗುತ್ತದೆ. ಹಿಡಿದೇ ಗುರುತು ಹಿಡಿಯುವುದು!

ಆ ಜಾಗ ಸುಮಾರು 21 ಅಕ್ಷರ ಜೋಡಿಗಳದ್ದು. ಒಂದು ಎಳೆಯ ತುದಿಯಿಂದ ಓದಿದರೆ ಎ ಎ ಟಿ ಟಿ ಜಿ ಟಿ. ಆಚೆ ತುದಿಯಿಂದ ಇನ್ನೊಂದು ಎಳೆಯನ್ನು ಓದಿದರೂ ಎ ಎ ಟಿ ಟಿ ಜಿ ಟಿ. ಪ್ರೋಟೀನಿನ ಜೋಡಿ ತುಂಡುಗಳು ಒಂದೊಂದು ಅರ್ಧವನ್ನು ಹಿಡಿಯುತ್ತವೆ. ಎರಡು ಕೈಯಲ್ಲಿ ಹಗ್ಗ ಹಿಡಿದ ಹಾಗೆ.

ಆದರೆ ಜಾಗ ಸಿಗುವ ಮುಂಚೆ ಈ ಪ್ರೋಟೀನು ಸುಮಾರು 46 ಲಕ್ಷ ಅಕ್ಷರ ಜೋಡಿಗಳ ಡಿಎನ್‌ಎಯಲ್ಲಿ ಹುಡುಕಬೇಕು. ಎಲ್ಲೆಂದರಲ್ಲಿ ಸಡಿಲವಾಗಿ ಕೂತು, ಸ್ವಲ್ಪ ದೂರ ಜಾರಿ, ಬಿಟ್ಟು, ಮತ್ತೆ ಕೂರುತ್ತದೆ. ಅದಕ್ಕೂ 'ಹಿಡಿ' ಅಂದರೆ ವ್ಯತ್ಯಾಸ ಮಾಯ. 'ತಡಕು' ಹೇಗೆ? ಕತ್ತಲಲ್ಲಿ ಗೋಡೆ ತಡಕಿ ಸ್ವಿಚ್ ಹುಡುಕುತ್ತೇವಲ್ಲ, ಹಾಗೆ.

ಇನ್ನು ಹೆಸರುಪದ. ಪ್ರೋಟೀನು ಹಿಡಿಯುವ ಆ ಜಾಗಕ್ಕೆ 'ಹಿಡಿದಾಣ' ಅಂತ ಹಾಕಿಕೊಂಡಿದ್ದೇನೆ. 'ಹಿಡಿ' ಮತ್ತು 'ತಾಣ' ಸೇರಿ ಹಾಗೆ ಆಗಬಹುದೇ, ಅಥವಾ ಸುಮ್ನೆ 'ಹಿಡಿತಾಣ' ಅಂತಲೇ ಬಿಡಬೇಕೇ? ಬಲ್ಲವರು ತಿಳಿಸಿ.